ಗ್ಲಾಕೋಮಾ: ಮುಂದೆ ಕಳೆಯಲಿರುವ ದೃಷ್ಟಿಯನ್ನು ಇಂದೇ ಅಳೆಯುವ ಬಗೆ

(ವಿಶ್ವ ಗ್ಲಾಕೋಮಾ ಸಪ್ತಾಹದ ಸಂದರ್ಭದಲ್ಲಿ ಸಾರ್ವಜನಿಕರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ. ಅಂದು ಪರದೆಯ ಮೇಲೆ ತೋರಿಸಿದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.)

ಕೆಲವು ವರ್ಷಗಳ ಹಿಂದೆ 61 ವಯಸ್ಸಿನ ನಿವೃತ್ತ ಶಾಲಾ ಮೇಷ್ಟ್ರೊಬ್ಬರು ಮಗಳ ಜೊತೆ ನನ್ನಲ್ಲಿಗೆ ಬಂದಿದ್ದರು. ಎರಡೂ ಕಣ್ಣಿಗೆ ಗ್ಲಾಕೋಮಾ ಇದೆಯೆಂಬುದು ಅವರಿಗೆ ಆಗಲೇ ತಿಳಿದಿತ್ತು. ದಿನವೂ ಡ್ರಾಪ್ಸ್ ಹಾಕಿಕೊಳ್ಳುತ್ತಿದ್ದರು. ಪರೀಕ್ಷೆ ಮುಗಿದ ಮೇಲೂ ಅವರು ಕುರ್ಚಿಯಿಂದ ಏಳಲಿಲ್ಲ. "ಮೇಡಂ, ರೋಗದ ಹೆಸರು ನನಗೆ ಗೊತ್ತು. ಹೋದದ್ದು ಮತ್ತೆ ಬರೋದಿಲ್ಲ ಅಂತಲೂ ಗೊತ್ತು. ಇನ್ನೆಷ್ಟು ವರ್ಷ ನಾನು ಓದಬಹುದು, ಅದೊಂದನ್ನ ಹೇಳಿಬಿಡಿ" ಎಂದರು. ಅವರ ಬಟ್ಟೆಯ ಚೀಲದಲ್ಲಿ ಆರು ವರ್ಷಗಳ ರಿಪೋರ್ಟುಗಳಿದ್ದವು. ಮೂರು ಊರುಗಳಲ್ಲಿ, ಮೂರು ಬೇರೆ ಬೇರೆ ಯಂತ್ರಗಳಲ್ಲಿ ಮಾಡಿಸಿದ ಸ್ಕ್ಯಾನುಗಳವು. ಅಷ್ಟೊಂದು ಕಾಗದಗಳಿದ್ದರೂ ಅಂದು ನಾನು ಅವರ ಪ್ರಶ್ನೆಗೆ ಉತ್ತರ ಕೊಡಲಾಗಲಿಲ್ಲ. ಏಕೆ ಕೊಡಲಾಗಲಿಲ್ಲ, ಕೊಡಬೇಕಾದರೆ ಏನೇನು ಬೇಕಾಗುತ್ತದೆ ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಮೊದಲು ರೋಗದ ಬಗ್ಗೆ ಸ್ವಲ್ಪ ಹೇಳಬೇಕು. ಕಣ್ಣಿನ ಹಿಂಭಾಗದ ಒಳಗೋಡೆಗೆ ಅಂಟಿಕೊಂಡಿರುವ ಅಕ್ಷಿಪಟಲದಲ್ಲಿ ಗ್ಯಾಂಗ್ಲಿಯಾನ್ ಕೋಶಗಳೆಂಬ ನರಕೋಶಗಳಿವೆ. ಪ್ರತಿಯೊಂದು ಕೋಶದಿಂದಲೂ ಒಂದು ಸೂಕ್ಷ್ಮವಾದ ಎಳೆ ಹೊರಡುತ್ತದೆ. ಇಂತಹ ಹತ್ತು ಹನ್ನೆರಡು ಲಕ್ಷ ಎಳೆಗಳು ಅಕ್ಷಿಪಟಲದ ಮೇಲ್ಮೈಯಲ್ಲೇ ಹರಿದು ಬಂದು, ಒಂದು ಕಡೆ ಕಟ್ಟಾಗಿ ಕಣ್ಣಿನಿಂದ ಹೊರಬಿದ್ದು, ಮಿದುಳಿನ ಕಡೆಗೆ ಸಾಗುತ್ತವೆ. ಈ ಕಟ್ಟೇ ದೃಷ್ಟಿನರ. ಅದು ಕಣ್ಣಿನಿಂದ ಹೊರಡುವ ದುಂಡನೆಯ ಜಾಗಕ್ಕೆ ನಾವು ಡಿಸ್ಕ್ ಎನ್ನುತ್ತೇವೆ. ಗ್ಲಾಕೋಮಾದಲ್ಲಿ ಈ ಎಳೆಗಳು ಒಂದೊಂದಾಗಿ ಸಾಯುತ್ತವೆ. ಸತ್ತವು ಮತ್ತೆ ಬೆಳೆಯುವುದಿಲ್ಲ. ಕಣ್ಣಿನ ಪೊರೆಯಿಂದ ಮಸುಕಾದ ದೃಷ್ಟಿಯನ್ನು ಶಸ್ತ್ರಚಿಕಿತ್ಸೆಯಿಂದ ಮರಳಿಸಬಹುದು, ಗ್ಲಾಕೋಮಾದಿಂದ ಹೋದದ್ದನ್ನು ಮರಳಿಸುವ ದಾರಿ ಇಂದಿಗೂ ಇಲ್ಲ. ಆದ್ದರಿಂದ ಈ ರೋಗದಲ್ಲಿ ಮುನ್ಸೂಚನೆಗೆ ಇರುವಷ್ಟು ಬೆಲೆ ಕಣ್ಣಿನ ಬೇರೆ ಹೆಚ್ಚಿನ ರೋಗಗಳಲ್ಲಿ ಇಲ್ಲ ಎಂದೇ ನಾನು ನಂಬಿದ್ದೇನೆ.

ಎಳೆಗಳು ಸಾಯುತ್ತಿದ್ದರೂ ರೋಗಿಗೆ ಅದು ತಿಳಿಯುವುದಿಲ್ಲ. ನೋವಿಲ್ಲ, ಕೆಂಪಾಗುವುದಿಲ್ಲ. ನಷ್ಟ ಸಾಮಾನ್ಯವಾಗಿ ನೋಟದ ನಡುವಿಗೆ ತಾಗದೆ ಬದಿಗಳಲ್ಲಿ ಆರಂಭವಾಗುತ್ತದೆ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ತುಂಬುತ್ತದೆ. ಎರಡೂ ಕಣ್ಣು ತುಂಬಲಾರದ ಜಾಗವನ್ನು ಮಿದುಳು ಸುತ್ತಲಿನ ದೃಶ್ಯದಿಂದಲೇ ತೇಪೆ ಹಾಕಿ ಮುಚ್ಚುತ್ತದೆ. ಗ್ಲಾಕೋಮಾ ಇರುವವರಿಗೆ ಸುತ್ತ ಕಪ್ಪು ಚೌಕಟ್ಟು ಕಾಣುತ್ತದೆಂದು ಪೋಸ್ಟರುಗಳಲ್ಲಿ ಚಿತ್ರಿಸುವುದುಂಟು. ನನ್ನ ರೋಗಿಗಳಲ್ಲಿ ಹಾಗೆ ಹೇಳಿದವರು ತೀರಾ ಕಡಿಮೆ. "ಆ ಬೈಕು ಎಲ್ಲಿಂದ ಬಂತೋ ಗೊತ್ತಾಗಲೇ ಇಲ್ಲ" ಎಂದು ಹೇಳಿದವರೇ ಹೆಚ್ಚು. ತಮಿಳುನಾಡಿನ ಮೂರು ಜಿಲ್ಲೆಗಳಲ್ಲಿ ಅರವಿಂದ ಕಣ್ಣಿನ ಆಸ್ಪತ್ರೆಯವರು 40 ವರ್ಷ ದಾಟಿದ 5,150 ಜನರನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇ. 2.6 ಮಂದಿಗೆ ಗ್ಲಾಕೋಮಾ ಇತ್ತು. ಅದರ ಅತಿ ಸಾಮಾನ್ಯ ಬಗೆಯಾದ ತೆರೆದ ಕೋನದ ಗ್ಲಾಕೋಮಾ ಇದ್ದವರಲ್ಲಿ ಶೇ. 93 ಮಂದಿಗೆ ತಮಗೆ ರೋಗವಿದೆಯೆಂಬುದೇ ಅಲ್ಲಿಯವರೆಗೆ ತಿಳಿದಿರಲಿಲ್ಲ. ಐವರಲ್ಲಿ ಒಬ್ಬರು ಆಗಲೇ ಒಂದು ಕಣ್ಣನ್ನಾದರೂ ಕಳೆದುಕೊಂಡಿದ್ದರು.

ಕಣ್ಣಿನ ಒತ್ತಡವನ್ನು, ಜನ ಪ್ರೆಷರ್ ಎನ್ನುವುದನ್ನು, ಅಳೆದರೆ ಸಾಲದೇ ಎಂದು ಕೇಳುತ್ತಾರೆ. ಒತ್ತಡವನ್ನು ಅಳೆಯಲೇಬೇಕು, ಏಕೆಂದರೆ ನಾವು ಔಷಧಿಯಿಂದಲೋ ಲೇಸರಿನಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಬದಲಾಯಿಸಬಲ್ಲ ಅಂಶ ಅದೊಂದೇ. ಆದರೆ ಯಾರ ದೃಷ್ಟಿ ಹೋಗುತ್ತದೆ ಎಂಬುದನ್ನು ಒತ್ತಡವೊಂದೇ ಹೇಳಲಾರದು. ಅಮೆರಿಕದಲ್ಲಿ ಒತ್ತಡ ಹೆಚ್ಚಿದ್ದರೂ ನರಕ್ಕೆ ಇನ್ನೂ ಹಾನಿಯಾಗದ 1,636 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ದೊಡ್ಡ ಅಧ್ಯಯನವೊಂದು ನಡೆಯಿತು. ಅದರ ಮೊದಲ ಫಲಿತಾಂಶ ಬಂದದ್ದು 2002ರಲ್ಲಿ. ಚಿಕಿತ್ಸೆ ಪಡೆಯದವರಲ್ಲಿ ಐದು ವರ್ಷಗಳಲ್ಲಿ ಶೇ. 9.5 ಮಂದಿಗೆ, ಡ್ರಾಪ್ಸ್ ಹಾಕಿಕೊಂಡವರಲ್ಲಿ ಶೇ. 4.4 ಮಂದಿಗೆ ಗ್ಲಾಕೋಮಾ ಬಂತು. ಚಿಕಿತ್ಸೆಯಿಂದ ಅಪಾಯ ಅರ್ಧಕ್ಕಿಂತ ಕಡಿಮೆಯಾಯಿತೆಂಬುದು ಇದರ ಒಂದು ಮುಖ. ಒತ್ತಡ ಹೆಚ್ಚಿದ್ದು, ಯಾವ ಔಷಧಿಯನ್ನೂ ಹಾಕದ ನೂರರಲ್ಲಿ ತೊಂಬತ್ತು ಮಂದಿಗೆ ಐದು ವರ್ಷ ಏನೂ ಆಗಲಿಲ್ಲ ಎಂಬುದು ಇನ್ನೊಂದು ಮುಖ. ಆ ಹತ್ತು ಮಂದಿ ಯಾರು ಎಂದು ಮೊದಲೇ ಗುರುತಿಸುವ ಕೆಲಸವೇ ಮುನ್ಸೂಚನೆ.

ಇದೇ ಅಧ್ಯಯನದಿಂದ ಹೊರಬಂದ ಇನ್ನೊಂದು ಸಂಗತಿ ಚಿತ್ರಗಳ ಶಕ್ತಿಯನ್ನು ನನಗೆ ಮೊದಲ ಬಾರಿಗೆ ಮನಗಾಣಿಸಿತು. ಗ್ಲಾಕೋಮಾ ಮುಂದುವರಿಯುವ ಕಣ್ಣುಗಳಲ್ಲಿ ಕೆಲವೊಮ್ಮೆ ಡಿಸ್ಕಿನ ಅಂಚಿನಲ್ಲಿ ಗೀರಿನಂತಹ ಸಣ್ಣ ರಕ್ತಸ್ರಾವ ಕಾಣಿಸಿಕೊಂಡು ಕೆಲವು ವಾರಗಳಲ್ಲಿ ಮಾಯವಾಗುತ್ತದೆ. ಅಧ್ಯಯನದಲ್ಲಿ ಇಂತಹ ರಕ್ತಸ್ರಾವ 128 ಕಣ್ಣುಗಳಲ್ಲಿ ದೊರೆಯಿತು. ಅವುಗಳಲ್ಲಿ ನುರಿತ ವೈದ್ಯರು ಕಣ್ಣನ್ನು ನೇರವಾಗಿ ನೋಡುವಾಗಲೂ ಗುರುತಿಸಿದ್ದು ಶೇ. 16 ಮಾತ್ರ; ಉಳಿದ ಶೇ. 84 ಕಣ್ಣುಗಳಲ್ಲಿ ಅದು ಕಂಡದ್ದು, ತೆಗೆದಿಟ್ಟ ಫೋಟೊಗಳನ್ನು ಬೇರೆಡೆ ಕುಳಿತು ನಿಧಾನವಾಗಿ ಓದಿದವರಿಗೆ. ಆ ಗೀರು ಕಂಡ ಕಣ್ಣುಗಳಿಗೆ ಗ್ಲಾಕೋಮಾ ಬರುವ ಸಾಧ್ಯತೆ, ಬೇರೆ ಅಂಶಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, 3.7 ಪಟ್ಟು ಹೆಚ್ಚಿತ್ತು. ಕಣ್ಣೆದುರೇ ಇದ್ದದ್ದು ನಮ್ಮಂಥ ವೈದ್ಯರ ಕಣ್ಣು ತಪ್ಪಿಸಿಕೊಂಡು ಹೋಗುತ್ತದೆ, ಚಿತ್ರದಲ್ಲಿ ಉಳಿಯುತ್ತದೆ. ಅಂದಿನಿಂದ ಡಿಸ್ಕಿನ ಫೋಟೊ ತೆಗೆಸದೆ ನಾನು ಯಾವ ಗ್ಲಾಕೋಮಾ ರೋಗಿಯನ್ನೂ ಕಳುಹಿಸಿಲ್ಲ.

ಕಣ್ಣಿನ ಒಳಗನ್ನು ನೋಡುವ ಸಾಧನ ಹೊಸದೇನಲ್ಲ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ನೇತ್ರದರ್ಶಕವನ್ನು ಜಗತ್ತಿಗೆ ಪರಿಚಯಿಸಿದರು, ಅದೇ ದಶಕದಲ್ಲಿ ಬರ್ಲಿನ್ನಿನ ಫಾನ್ ಗ್ರೇಫೆ ಗ್ಲಾಕೋಮಾದಲ್ಲಿ ಡಿಸ್ಕಿನ ನಡುವೆ ಗುಳಿ ಬೀಳುವುದನ್ನು ವಿವರಿಸಿದರು. ಈ ಗುಳಿಗೆ ಕಪ್ ಎಂದು ಹೆಸರು. ಎಳೆಗಳು ಸತ್ತಂತೆ ಕಪ್ ಅಗಲವಾಗುತ್ತದೆ. ಆದರೆ ಹುಟ್ಟಿನಿಂದಲೇ ಕೆಲವರ ಡಿಸ್ಕ್ ದೊಡ್ಡದು, ಅದರ ಕಪ್ ಕೂಡ ದೊಡ್ಡದು. ಇನ್ನು ಕೆಲವರ ಡಿಸ್ಕ್ ಚಿಕ್ಕದು, ಹಾನಿಯಾಗಿದ್ದರೂ ಕಪ್ ಚಿಕ್ಕದಾಗಿಯೇ ಕಾಣುತ್ತದೆ. ಒಂದೇ ಫೋಟೊವನ್ನು ನೋಡಿದ ಇಬ್ಬರು ಪರಿಣತರು ಬೇರೆ ಬೇರೆ ಅಭಿಪ್ರಾಯ ಕೊಡುವುದು ಅಪರೂಪವಲ್ಲ.

ಹಾನಿಯನ್ನು ಅಳೆಯಲು ನಮ್ಮಲ್ಲಿದ್ದ ಇನ್ನೊಂದು ದಾರಿ ಫೀಲ್ಡ್ ಟೆಸ್ಟ್. ಬಟ್ಟಲಿನಂತಹ ಪರದೆಯ ನಡುವೆ ದೃಷ್ಟಿ ನೆಟ್ಟು ಕುಳಿತು, ಸುತ್ತಮುತ್ತ ಎಲ್ಲಾದರೂ ಬೆಳಕಿನ ಚುಕ್ಕೆ ಮಿನುಗಿದಾಗ ಗುಂಡಿ ಒತ್ತುವ ಪರೀಕ್ಷೆಯಿದು. ನಿಮ್ಮಲ್ಲಿ ಮಾಡಿಸಿಕೊಂಡವರಿಗೆ ಅದರ ಕಷ್ಟ ಗೊತ್ತು. ರಾತ್ರಿ ನಿದ್ದೆಯಾಗದಿದ್ದರೆ, ಮನಸ್ಸು ಬೇರೆಡೆ ಹೋದರೆ, ಫಲಿತಾಂಶ ಏರುಪೇರಾಗುತ್ತದೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ಈ ಪರೀಕ್ಷೆ ತಡವಾಗಿ ಎಚ್ಚರಿಸುತ್ತದೆ. ಮರಣಾನಂತರ ದಾನವಾಗಿ ಬಂದ ಕಣ್ಣುಗಳಲ್ಲಿ ಕೋಶಗಳನ್ನು ಎಣಿಸಿ, ಅವೇ ರೋಗಿಗಳ ಹಳೆಯ ಫೀಲ್ಡ್ ಟೆಸ್ಟುಗಳಿಗೆ ಹೋಲಿಸಿದ ಕೆಲಸವನ್ನು ಅಮೆರಿಕದ ಹ್ಯಾರಿ ಕ್ವಿಗ್ಲಿ ಮತ್ತು ಸಂಗಡಿಗರು 1980ರ ದಶಕದಲ್ಲಿ ಮಾಡಿದರು. ಪರೀಕ್ಷೆಯಲ್ಲಿ 5 ಡೆಸಿಬೆಲ್‌ನಷ್ಟು (ಎಷ್ಟು ಮಂದವಾದ ಚುಕ್ಕೆ ಕಾಣುತ್ತದೆ ಎಂಬುದನ್ನು ಇಲ್ಲಿ ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ) ಕೊರತೆ ಕಂಡ ಜಾಗದಲ್ಲಿ ಸುಮಾರು ಐದನೇ ಒಂದು ಭಾಗದಷ್ಟು ಕೋಶಗಳು ಆಗಲೇ ಇರಲಿಲ್ಲ. ಅಂದರೆ ಗುಂಡಿ ಒತ್ತುವ ಬೆರಳಿಗೆ ತಿಳಿಯುವ ಮೊದಲೇ ಎಳೆಗಳು ತೆಳುವಾಗಿರುತ್ತವೆ. ಆ ತೆಳುವನ್ನೇ ನೇರವಾಗಿ ಅಳೆಯಬಹುದಾದರೆ?

ಈ ಆಸೆಯನ್ನು ಸಾಧ್ಯವಾಗಿಸಿದ್ದು ಓಸಿಟಿ, ಅಂದರೆ ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ ಎಂಬ ಸ್ಕ್ಯಾನ್. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೇಮ್ಸ್ ಫ್ಯೂಜಿಮೋಟೊ, ಡೇವಿಡ್ ಹುವಾಂಗ್, ಎರಿಕ್ ಸ್ವಾನ್ಸನ್ ಮತ್ತು ಸಂಗಡಿಗರು 1991ರಲ್ಲಿ ಇದನ್ನು ಪ್ರಕಟಿಸಿದರು. ಈ ಮೂವರಿಗೆ 2023ರಲ್ಲಿ ವೈದ್ಯಕೀಯ ಸಂಶೋಧನೆಗೆ ಕೊಡುವ ಲಾಸ್ಕರ್ ಪ್ರಶಸ್ತಿ ಸಂದಿತು. ಗರ್ಭಿಣಿಯರಿಗೆ ಮಾಡುವ ಸ್ಕ್ಯಾನಿಂಗ್‌ನಲ್ಲಿ ಶಬ್ದದ ಅಲೆಗಳನ್ನು ಕಳುಹಿಸಿ, ಪ್ರತಿಧ್ವನಿ ಎಷ್ಟು ಹೊತ್ತಿಗೆ ಮರಳುತ್ತದೆ ಎಂಬುದರಿಂದ ಆಳವನ್ನು ತಿಳಿಯುತ್ತಾರಲ್ಲವೇ, ಓಸಿಟಿ ಅದೇ ಕೆಲಸವನ್ನು ಬೆಳಕಿನಿಂದ ಮಾಡುತ್ತದೆ. ಬೆಳಕಿನ ವೇಗ ಎಷ್ಟೆಂದರೆ, ಕೆಲವು ಮೈಕ್ರಾನ್ ದೂರವನ್ನು ಕ್ರಮಿಸಲು ಅದಕ್ಕೆ ಬೇಕಾಗುವ ಕಾಲ ಸೆಕೆಂಡಿನ ಲಕ್ಷ ಕೋಟಿಯ ಒಂದು ಭಾಗಕ್ಕಿಂತಲೂ ಕಡಿಮೆ. ಅದನ್ನು ಅಳೆಯುವ ಗಡಿಯಾರವಿಲ್ಲ. ಆದ್ದರಿಂದ ಬೆಳಕನ್ನು ಎರಡಾಗಿ ಸೀಳಿ, ಒಂದನ್ನು ಕಣ್ಣಿಗೂ ಇನ್ನೊಂದನ್ನು ಕನ್ನಡಿಗೂ ಕಳುಹಿಸಿ, ಮರಳಿ ಬಂದ ಎರಡೂ ಅಲೆಗಳು ಒಂದರೊಡನೊಂದು ಬೆರೆತಾಗ ಮೂಡುವ ವಿನ್ಯಾಸದಿಂದ ಪದರಗಳ ಆಳವನ್ನು ಲೆಕ್ಕ ಹಾಕುತ್ತಾರೆ. ಇಂದಿನ ಯಂತ್ರಗಳು ಸುಮಾರು 5 ಮೈಕ್ರಾನ್‌ನಷ್ಟು ಸೂಕ್ಷ್ಮವಾಗಿ ಪದರಗಳನ್ನು ಬಿಡಿಸಿ ತೋರಿಸುತ್ತವೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ರೋಗಿ ಗಲ್ಲವಿಟ್ಟು ಕೂರುತ್ತಾರೆ, ಕೆಲವು ಸೆಕೆಂಡು ಕಣ್ಣು ಮಿಟುಕಿಸದೆ ನೋಡುತ್ತಾರೆ, ಅಷ್ಟೇ. ಸೂಜಿಯಿಲ್ಲ, ವಿಕಿರಣದ ಭಯವಿಲ್ಲ.

ಡಿಸ್ಕಿನ ಸುತ್ತ ಸುಮಾರು 3.4 ಮಿಲಿಮೀಟರ್ ವ್ಯಾಸದ ಒಂದು ವೃತ್ತವನ್ನು ಊಹಿಸಿಕೊಳ್ಳಿ. ಕಣ್ಣಿನಿಂದ ಹೊರಬೀಳಬೇಕಾದ ಪ್ರತಿಯೊಂದು ಎಳೆಯೂ ಈ ವೃತ್ತವನ್ನು ದಾಟಲೇಬೇಕು, ಊರಿನಿಂದ ಹೊರಡುವವರೆಲ್ಲ ಹೆಬ್ಬಾಗಿಲನ್ನು ಹಾಯ್ದು ಹೋಗಬೇಕಾದಂತೆ. ಅಲ್ಲಿ ಎಳೆಗಳ ಪದರ ಎಷ್ಟು ದಪ್ಪವಿದೆ ಎಂದು ಯಂತ್ರ ಅಳೆಯುತ್ತದೆ. ಆರೋಗ್ಯವಂತರಲ್ಲಿ ಸರಾಸರಿ ದಪ್ಪ ಸುಮಾರು 90ರಿಂದ 100 ಮೈಕ್ರಾನ್. ಮೇಲೆ ಮತ್ತು ಕೆಳಗೆ ಎಳೆಗಳು ದಟ್ಟವಾಗಿರುವುದರಿಂದ ಗ್ರಾಫಿನಲ್ಲಿ ಎರಡು ದಿಬ್ಬಗಳು ಕಾಣುತ್ತವೆ. ಗ್ಲಾಕೋಮಾ ಮೊದಲು ಕೊರೆಯುವುದು ಈ ದಿಬ್ಬಗಳನ್ನೇ, ಅದರಲ್ಲೂ ಹೆಚ್ಚಾಗಿ ಕೆಳಗಿನ ದಿಬ್ಬವನ್ನು. ಕಣ್ಣಿನೊಳಗೆ ದೃಶ್ಯ ತಲೆಕೆಳಗಾಗಿ ಮೂಡುವುದರಿಂದ, ಕೆಳಗಿನ ದಿಬ್ಬ ಕುಸಿದವರಿಗೆ ನೋಟದ ಮೇಲ್ಭಾಗ ಕಳೆಯುತ್ತದೆ. ಎಲ್ಲಿ ತೆಳುವಾಗಿದೆಯೆಂದು ನೋಡಿ, ಎಲ್ಲಿ ಕಾಣದಾಗುತ್ತದೆಂದು ಹೀಗೆ ಹೇಳಬಹುದು. ಯಾವಾಗ ಎಂಬುದು ಮಾತ್ರ ಇನ್ನೂ ಕಠಿಣವಾದ ಪ್ರಶ್ನೆ.

ಓಸಿಟಿ ರಿಪೋರ್ಟಿನಲ್ಲಿ ಹಸಿರು, ಹಳದಿ, ಕೆಂಪು ಬಣ್ಣಗಳಿರುತ್ತವೆ. ಕೆಂಪು ಕಂಡ ಕೂಡಲೇ ಮನೆಮಂದಿಯೆಲ್ಲ ಗಾಬರಿಯಾಗುತ್ತಾರೆ. ಹಸಿರು ಕಂಡರೆ ನಿಶ್ಚಿಂತರಾಗುತ್ತಾರೆ. ಎರಡೂ ಅವಸರದ ತೀರ್ಮಾನ. ಆರೋಗ್ಯವಂತರ ನೂರು ಜನರ ಸಾಲಿನಲ್ಲಿ ನಿಮ್ಮ ಪದರ ತೀರಾ ಕೊನೆಯ ಒಬ್ಬರಿಗಿಂತ ತೆಳುವಾಗಿದೆ ಎಂಬುದಷ್ಟೇ ಕೆಂಪಿನ ಅರ್ಥ. ಆ ಆರೋಗ್ಯವಂತರು ಯಾರು? ಬಹಳ ಕಡೆ ಬಳಕೆಯಲ್ಲಿರುವ ಒಂದು ಯಂತ್ರದ ಹೋಲಿಕೆಯ ಪಟ್ಟಿ 284 ಜನರನ್ನು ಅಳೆದು ಮಾಡಿದ್ದು. ಅವರಲ್ಲಿ ಭಾರತೀಯ ಮೂಲದವರು ಬೆರಳೆಣಿಕೆಯಷ್ಟು. ಹೆಚ್ಚಿನ ಮೈನಸ್ ಪವರ್ ಇರುವವರ ಕಣ್ಣು ಉದ್ದವಾಗಿದ್ದು, ಎಳೆಗಳ ದಿಬ್ಬ ಸ್ವಲ್ಪ ಪಕ್ಕಕ್ಕೆ ಸರಿದಿರುತ್ತದೆ. ರೋಗವೇ ಇಲ್ಲದಿದ್ದರೂ ಯಂತ್ರ ಕೆಂಪು ತೋರಿಸುತ್ತದೆ. ಇಂತಹ ಇಪ್ಪತ್ತು ಇಪ್ಪತ್ತೆರಡರ ಯುವಕ ಯುವತಿಯರು ಒಂದು ಕಾಗದದ ಬಣ್ಣ ನೋಡಿ ಕುರುಡಾಗುವ ಭಯದಲ್ಲಿ ತಿಂಗಳುಗಟ್ಟಲೆ ನಿದ್ದೆಗೆಟ್ಟದ್ದನ್ನು ನಾನು ಕಂಡಿದ್ದೇನೆ. ಇನ್ನೊಂದೆಡೆ, ಹುಟ್ಟಿನಿಂದ 110 ಮೈಕ್ರಾನ್ ಇದ್ದವರ ಪದರ 88ಕ್ಕೆ ಇಳಿದಿದ್ದರೂ ಯಂತ್ರ ಹಸಿರನ್ನೇ ತೋರಿಸುತ್ತದೆ. ಅವರು ಐದನೇ ಒಂದು ಭಾಗವನ್ನು ಕಳೆದುಕೊಂಡಿರುವುದು ಆ ಕಾಗದಕ್ಕೆ ಗೊತ್ತಿಲ್ಲ.

ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ ಕೇಂದ್ರವಿದ್ದ ದೀರ್ಘಕಾಲದ ಅಧ್ಯಯನವೊಂದರಿಂದ 2014 ಮತ್ತು 2015ರಲ್ಲಿ ಎರಡು ಮುಖ್ಯ ಲೆಕ್ಕಗಳು ಹೊರಬಂದವು. ಮುಂದೆ ಫೀಲ್ಡ್ ಟೆಸ್ಟಿನಲ್ಲಿ ಕೊರತೆ ಕಾಣಿಸಿಕೊಂಡ ಕಣ್ಣುಗಳ ಹಳೆಯ ಸ್ಕ್ಯಾನುಗಳನ್ನು ತೆರೆದು ನೋಡಿದಾಗ, ನಾಲ್ಕು ವರ್ಷ ಮೊದಲೇ ಶೇ. 35ರಷ್ಟು ಕಣ್ಣುಗಳಲ್ಲಿ, ಎಂಟು ವರ್ಷ ಮೊದಲೇ ಶೇ. 19ರಷ್ಟು ಕಣ್ಣುಗಳಲ್ಲಿ ಪದರ ಅಸಹಜವಾಗಿ ತೆಳುವಾಗಿತ್ತು. ಎಂಟು ವರ್ಷದ ಮುನ್ಸೂಚನೆ ಸಣ್ಣ ಮಾತಲ್ಲ. ಆದರೆ ನಾಲ್ಕು ವರ್ಷ ಮೊದಲು ಉಳಿದ ಶೇ. 65ರಷ್ಟು ಕಣ್ಣುಗಳ ಸ್ಕ್ಯಾನ್ ಸಹಜವಾಗಿಯೇ ಇತ್ತು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಎರಡನೆಯ ಲೆಕ್ಕ ತೆಳುವಾಗುವ ವೇಗದ್ದು. ಗ್ಲಾಕೋಮಾ ಶಂಕೆಯಿದ್ದವರಲ್ಲಿ, ಮುಂದೆ ದೃಷ್ಟಿಯ ಕೊರತೆ ಕಂಡ ಕಣ್ಣುಗಳ ಪದರ ವರ್ಷಕ್ಕೆ ಸರಾಸರಿ 2.02 ಮೈಕ್ರಾನ್ ತೆಳುವಾಗುತ್ತಿತ್ತು. ಕೊರತೆ ಕಾಣದವುಗಳಲ್ಲಿ 0.82 ಮೈಕ್ರಾನ್. ವರ್ಷಕ್ಕೆ ಒಂದು ಮೈಕ್ರಾನ್ ಹೆಚ್ಚು ವೇಗವಾಗಿ ತೆಳುವಾದರೆ ಅಪಾಯ ಎರಡು ಪಟ್ಟಾಗುತ್ತಿತ್ತು.

ಬೇಸಿಗೆಯಲ್ಲಿ ನಾವು ಪತ್ರಿಕೆ ತೆರೆದು ಕನ್ನಂಬಾಡಿ ಅಣೆಕಟ್ಟಿನ ನೀರಿನ ಮಟ್ಟ ನೋಡುತ್ತೇವೆ. ತುಂಬಿದಾಗ 124.80 ಅಡಿ. ಇಂದು 100 ಅಡಿ ಇದೆಯೆಂದರೆ ಅಷ್ಟರಿಂದಲೇ ಮುಂದಿನ ತಿಂಗಳ ಸ್ಥಿತಿ ತಿಳಿಯುವುದಿಲ್ಲ. ಹದಿನೈದು ದಿನದ ಹಿಂದೆ ಎಷ್ಟಿತ್ತು, ದಿನಕ್ಕೆ ಎಷ್ಟು ಇಳಿಯುತ್ತಿದೆ, ಮಳೆಗಾಲಕ್ಕೆ ಇನ್ನೆಷ್ಟು ದಿನವಿದೆ ಎಂಬ ಮೂರೂ ಬೇಕು. ಕಣ್ಣಿಗೂ ಹಾಗೆಯೇ. ಈಗಿನ ಮಟ್ಟ, ಇಳಿಯುವ ವೇಗ, ಮತ್ತು ಆ ವ್ಯಕ್ತಿ ಇನ್ನೆಷ್ಟು ವರ್ಷ ಆ ಕಣ್ಣಿನಿಂದ ಬದುಕಬೇಕಿದೆ ಎಂಬ ಅಂದಾಜು. 82 ವರ್ಷದ ಅಜ್ಜಿಯಲ್ಲಿ ಕಂಡ ನಿಧಾನದ ಇಳಿಕೆಗೆ ಶಸ್ತ್ರಚಿಕಿತ್ಸೆ ಮಾಡುವುದು ಅನವಶ್ಯಕವಾಗಬಹುದು. 45 ವರ್ಷದವರಲ್ಲಿ ಅದೇ ಇಳಿಕೆ ಕಂಡರೆ ಸುಮ್ಮನಿರುವುದು ತಪ್ಪು.

ವೇಗ ತಿಳಿಯಲು ಹಲವು ಅಳತೆ ಬೇಕು, ಮತ್ತು ಅವು ಒಂದಕ್ಕೊಂದು ಹೋಲುವ ಅಳತೆಗಳಾಗಿರಬೇಕು. ಇಂದು ಸ್ಕ್ಯಾನ್ ಮಾಡಿದ ಕಣ್ಣನ್ನು ನಾಳೆ ಮತ್ತೆ ಮಾಡಿದರೆ ನಾಲ್ಕೈದು ಮೈಕ್ರಾನ್ ವ್ಯತ್ಯಾಸ ಬರಬಹುದು. ವಯಸ್ಸಿನಿಂದಲೇ ಎಲ್ಲರ ಪದರವೂ ವರ್ಷಕ್ಕೆ ಸುಮಾರು ಅರ್ಧ ಮೈಕ್ರಾನ್ ತೆಳುವಾಗುತ್ತದೆ. ಈ ಗದ್ದಲದ ನಡುವೆ ವರ್ಷಕ್ಕೆ ಎರಡು ಮೈಕ್ರಾನಿನ ರೋಗವನ್ನು ಎರಡು ಸ್ಕ್ಯಾನುಗಳಿಂದ ಬೇರ್ಪಡಿಸಲಾಗದು. ಫೀಲ್ಡ್ ಟೆಸ್ಟಿನ ವಿಷಯದಲ್ಲೂ, ವೇಗವಾಗಿ ಕೆಡುತ್ತಿರುವ ಕಣ್ಣುಗಳನ್ನು ಗುರುತಿಸಲು ಮೊದಲ ಎರಡು ವರ್ಷಗಳಲ್ಲಿ ಆರು ಪರೀಕ್ಷೆ ಬೇಕೆಂದು ಕೆನಡಾದ ಬಲ್ವಂತರಾಯ್ ಚೌಹಾಣ್ ಮತ್ತು ಸಂಗಡಿಗರು 2008ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಒಂದು ಕಂಪನಿಯ ಯಂತ್ರದ ಮೈಕ್ರಾನ್‌ಗಳನ್ನು ಇನ್ನೊಂದು ಕಂಪನಿಯ ಯಂತ್ರದ ಮೈಕ್ರಾನ್‌ಗಳಿಗೆ ಹೋಲಿಸುವಂತೆಯೂ ಇಲ್ಲ, ಏಕೆಂದರೆ ಪದರದ ಗಡಿಯನ್ನು ಅವು ಗುರುತಿಸುವ ರೀತಿಯೇ ಬೇರೆ. ಮೇಷ್ಟ್ರ ಚೀಲದಲ್ಲಿದ್ದ ರಿಪೋರ್ಟುಗಳಲ್ಲಿ ಮೊದಲನೆಯದು 84, ಎರಡನೆಯದು 79, ಮೂರನೆಯದು 81 ಎನ್ನುತ್ತಿದ್ದವು. ಅವರ ಕಣ್ಣು ಇಳಿದಿತ್ತೋ, ಏರಿತ್ತೋ, ಇದ್ದಲ್ಲೇ ಇತ್ತೋ? ಮೂರು ಅಳತೆಗೋಲುಗಳಿಂದ ಅಳೆದ ಬಟ್ಟೆಯ ಬಗ್ಗೆ ಏನು ಹೇಳಲು ಸಾಧ್ಯ? ಆರು ವರ್ಷಗಳ ಕಾಲ ಹಣ ಖರ್ಚು ಮಾಡಿ, ನಿಷ್ಠೆಯಿಂದ ಪರೀಕ್ಷೆ ಮಾಡಿಸಿಕೊಂಡ ಮನುಷ್ಯನಿಗೆ ಮುನ್ಸೂಚನೆ ಮಾತ್ರ ದೊರೆಯಲಿಲ್ಲವೆಂಬುದು ನನ್ನನ್ನು ಬಹಳ ಕಾಡಿತು.

ಓಸಿಟಿಗೂ ಒಂದು ತಳವಿದೆ. ಎಳೆಗಳೆಲ್ಲ ಸತ್ತರೂ ಅವುಗಳ ಆಧಾರದ ಅಂಗಾಂಶ ಮತ್ತು ರಕ್ತನಾಳಗಳು ಉಳಿಯುವುದರಿಂದ, ದಪ್ಪ ಸುಮಾರು 50 ಮೈಕ್ರಾನ್‌ಗಿಂತ ಕೆಳಗಿಳಿಯುವುದಿಲ್ಲ. ರೋಗ ತುಂಬಾ ಮುಂದುವರಿದ ಮೇಲೆ ಗ್ರಾಫಿನ ಗೆರೆ ಸಮತಟ್ಟಾದರೆ ಅದನ್ನು ರೋಗ ನಿಂತಿದೆ ಎಂದು ಓದಬಾರದು. ಆ ಹಂತದಲ್ಲಿ ಮತ್ತೆ ಫೀಲ್ಡ್ ಟೆಸ್ಟನ್ನೇ ನಂಬಬೇಕು. ಓದಲು, ಮುಖ ಗುರುತಿಸಲು ಬೇಕಾದ ನಡುನೋಟವನ್ನು ಕೊಡುವ ಮ್ಯಾಕುಲಾದ ಸ್ಕ್ಯಾನ್ ಕೂಡ ಅಷ್ಟೇ ಮುಖ್ಯ. ಗ್ಲಾಕೋಮಾ ನಡುನೋಟವನ್ನು ಕೊನೆಯವರೆಗೂ ಬಿಟ್ಟಿರುತ್ತದೆಂದು ನಾವು ಓದಿದ ಕಾಲದಲ್ಲಿ ಕಲಿಸುತ್ತಿದ್ದರು. ನ್ಯೂಯಾರ್ಕಿನ ಡೊನಾಲ್ಡ್ ಹುಡ್ ಮತ್ತು ಸಂಗಡಿಗರ ಓಸಿಟಿ ಅಧ್ಯಯನಗಳು ಆ ಪಾಠವನ್ನು ತಿದ್ದಿದವು. ಅನೇಕರಲ್ಲಿ ಮ್ಯಾಕುಲಾದ ಒಂದು ಭಾಗ ಮೊದಮೊದಲೇ ಹಾನಿಗೊಳಗಾಗಿರುತ್ತದೆ, ಸಾಮಾನ್ಯ ಫೀಲ್ಡ್ ಟೆಸ್ಟ್ ಅಲ್ಲಿ ಚುಕ್ಕೆಗಳನ್ನು ವಿರಳವಾಗಿ ಇಡುವುದರಿಂದ ಅದು ತಪ್ಪಿಹೋಗುತ್ತದೆ.

ಈಗ ಎಲ್ಲರೂ ಕೇಳುವ ಕೃತಕ ಬುದ್ಧಿಮತ್ತೆಯ ವಿಷಯ. ಮೇಲೆ ಹೇಳಿದ 1,636 ಜನರ ಅಧ್ಯಯನದಲ್ಲಿ ವರ್ಷವರ್ಷವೂ ತೆಗೆದ ಡಿಸ್ಕ್ ಫೋಟೊಗಳು 66 ಸಾವಿರಕ್ಕೂ ಹೆಚ್ಚಿದ್ದವು. ಯಾರಿಗೆ ಮುಂದೆ ರೋಗ ಬಂತೆಂಬುದೂ ತಿಳಿದಿತ್ತು. ಈ ಫೋಟೊಗಳನ್ನು ಕಂಪ್ಯೂಟರಿಗೆ ಕಲಿಸಿದ ಕೆಲಸ 2020ರಲ್ಲಿ ಪ್ರಕಟವಾಯಿತು. ರೋಗ ಬಂದ ಮೇಲಿನ ಫೋಟೊಗಳನ್ನು ಅದು 0.95ರ ಮಟ್ಟದಲ್ಲಿ, ಒಂದರಿಂದ ಮೂರು ವರ್ಷ ಮೊದಲಿನವನ್ನು 0.88ರ ಮಟ್ಟದಲ್ಲಿ, ನಾಲ್ಕರಿಂದ ಏಳು ವರ್ಷ ಮೊದಲಿನವನ್ನು 0.77ರ ಮಟ್ಟದಲ್ಲಿ ಗುರುತಿಸಿತು. ಈ 0.77 ಎಂಬುದರ ಅರ್ಥ ಹೀಗೆ: ಮುಂದೆ ರೋಗ ಬರಲಿರುವ ಒಂದು ಕಣ್ಣನ್ನೂ ಬಾರದ ಒಂದು ಕಣ್ಣನ್ನೂ ಜೋಡಿಯಾಗಿ ಮುಂದಿಟ್ಟರೆ, ನೂರು ಜೋಡಿಗಳಲ್ಲಿ 77ರಲ್ಲಿ ಅದು ಸರಿಯಾದ ಕಣ್ಣಿಗೆ ಹೆಚ್ಚಿನ ಅಪಾಯವನ್ನು ಸೂಚಿಸುತ್ತದೆ, 23ರಲ್ಲಿ ತಪ್ಪುತ್ತದೆ. ಪರಿಣತರ ಕಣ್ಣಿಗೆ ಸಹಜವಾಗಿ ಕಂಡ ಫೋಟೊಗಳಲ್ಲಿ ಇಷ್ಟನ್ನು ಓದಿದ್ದು ನಿಜಕ್ಕೂ ವಿಸ್ಮಯ. ಆದರೆ ಎದುರಿಗೆ ಕುಳಿತ ಒಬ್ಬ ವ್ಯಕ್ತಿಗೆ ಇಂತಿಷ್ಟು ವರ್ಷವೆಂದು ಹೇಳಲು ಇದು ಸಾಲದು.

ಡ್ಯೂಕ್ ವಿಶ್ವವಿದ್ಯಾಲಯದಲ್ಲಿದ್ದಾಗ ಫೆಲಿಪೆ ಮೆಡೆರೋಸ್ ಮತ್ತು ಸಂಗಡಿಗರು 2019ರಲ್ಲಿ ಇನ್ನೊಂದು ದಾರಿ ಹಿಡಿದರು. ಫೋಟೊ ನೋಡಿ ರೋಗ ಇದೆಯೋ ಇಲ್ಲವೋ ಎಂದು ವೈದ್ಯರ ಅಭಿಪ್ರಾಯವನ್ನು ಕಲಿಸುವ ಬದಲು, ಅದೇ ಕಣ್ಣಿನ ಓಸಿಟಿ ಎಷ್ಟು ಮೈಕ್ರಾನ್ ತೋರಿಸಿತು ಎಂಬುದನ್ನು ಕಂಪ್ಯೂಟರಿಗೆ ಕಲಿಸಿದರು. ಕಲಿತ ಮೇಲೆ ಅದು ಬರಿಯ ಫೋಟೊ ನೋಡಿ ದಪ್ಪವನ್ನು ಅಂದಾಜು ಮಾಡತೊಡಗಿತು. ಸರಾಸರಿ ತಪ್ಪು ಸುಮಾರು 7 ಮೈಕ್ರಾನ್. ನನಗೆ ಇದು ವಿಶೇಷವಾಗಿ ಇಷ್ಟವಾದ ಕೆಲಸ, ಏಕೆಂದರೆ ತಾಲೂಕು ಆಸ್ಪತ್ರೆಯಲ್ಲಿ ಓಸಿಟಿ ಇರದಿದ್ದರೂ ಕಣ್ಣಿನ ತಳದ ಫೋಟೊ ತೆಗೆಯುವ ಕ್ಯಾಮೆರಾ ಇರಬಹುದು. ಅಂತಹ ಸುಲಭ ಕ್ಯಾಮೆರಾಗಳನ್ನು ಬೆಂಗಳೂರಿನ ಫೋರಸ್ ಹೆಲ್ತ್, ರೆಮಿಡಿಯೊ ಮುಂತಾದ ಕಂಪನಿಗಳೇ ತಯಾರಿಸುತ್ತಿವೆ.

ಹಾಗಿದ್ದರೆ ಎಲ್ಲ ಹಳ್ಳಿಗಳಲ್ಲೂ ಎಲ್ಲರ ಫೋಟೊ ತೆಗೆದು ಕಂಪ್ಯೂಟರಿಗೆ ತೋರಿಸಬಾರದೇ? ಲೆಕ್ಕ ಹಾಕಿ ನೋಡೋಣ. 40 ದಾಟಿದ ಸಾವಿರ ಜನರಲ್ಲಿ 26 ಮಂದಿಗೆ ರೋಗವಿದೆ ಎನ್ನಿ. ನೂರಕ್ಕೆ 95 ಬಾರಿ ಸರಿಹೇಳುವ ಯಂತ್ರ 25 ಮಂದಿಯನ್ನು ಹಿಡಿಯುತ್ತದೆ. ಆದರೆ ರೋಗವಿಲ್ಲದ 974 ಮಂದಿಯಲ್ಲಿ ನೂರಕ್ಕೆ ಐವರಂತೆ ಸುಮಾರು 49 ಮಂದಿಗೂ ರೋಗವಿದೆ ಎನ್ನುತ್ತದೆ. ಅಂದರೆ ಯಂತ್ರ ಕರೆದ ಮೂವರಲ್ಲಿ ಇಬ್ಬರಿಗೆ ಏನೂ ಆಗಿರುವುದಿಲ್ಲ. ಈ 74 ಮಂದಿಯನ್ನೂ ನೋಡಲು ವೈದ್ಯರಿರಬೇಕು, ಅವರು ಕೂಲಿ ಬಿಟ್ಟು ಬಸ್ಸು ಹತ್ತಿ ಬರುವಂತಿರಬೇಕು, ಬಂದ ಮೇಲೆ ಆರು ತಿಂಗಳಿಗೊಮ್ಮೆ ಮತ್ತೆ ಬರಬೇಕು. ಇದು ಅಸಾಧ್ಯವೆಂದು ನಾನು ಹೇಳುತ್ತಿಲ್ಲ. ಮಧುಮೇಹದ ರೋಗಿಗಳ ಕಣ್ಣಿನ ಫೋಟೊ ತೆಗೆಯುವ ವ್ಯವಸ್ಥೆ ಇರುವ ಕಡೆಗಳಲ್ಲಿ ಅದೇ ಫೋಟೊದಲ್ಲಿ ಡಿಸ್ಕನ್ನೂ ನೋಡುವುದರಿಂದ ಆರಂಭಿಸಬಹುದು. ಗ್ಲಾಕೋಮಾ ರೋಗಿಗಳ ಅಣ್ಣ ತಮ್ಮ ಅಕ್ಕ ತಂಗಿಯರನ್ನೂ ಮಕ್ಕಳನ್ನೂ ಮೊದಲು ಕರೆಯಬಹುದು. ನೆದರ್ಲೆಂಡ್ಸಿನ ರಾಟರ್‌ಡ್ಯಾಮ್ ಅಧ್ಯಯನದ ಪ್ರಕಾರ ರೋಗಿಗಳ ಇಂತಹ ಹತ್ತಿರದ ಸಂಬಂಧಿಗಳಿಗೆ ಜೀವಮಾನದಲ್ಲಿ ರೋಗ ಬರುವ ಸಾಧ್ಯತೆ ಇತರರಿಗಿಂತ ಸುಮಾರು ಒಂಬತ್ತು ಪಟ್ಟು.

ಇನ್ನೂ ಪ್ರಯೋಗದ ಹಂತದಲ್ಲಿರುವ ಒಂದು ವಿಧಾನವನ್ನು ಚುಟುಕಾಗಿ ಹೇಳುತ್ತೇನೆ. ಓಸಿಟಿ ತೋರಿಸುವುದು ಸತ್ತು ಹೋದ ಎಳೆಗಳ ಖಾಲಿ ಜಾಗವನ್ನು. ಇಂದು, ಈ ಗಳಿಗೆಯಲ್ಲಿ ಸಾಯುತ್ತಿರುವ ಕೋಶಗಳನ್ನು ನೋಡಬಹುದೇ? ಲಂಡನ್ನಿನ ಫ್ರಾನ್ಸೆಸ್ಕಾ ಕಾರ್ಡೆರೊ ಮತ್ತು ಸಂಗಡಿಗರು, ಸಾಯುತ್ತಿರುವ ಕೋಶದ ಹೊರಮೈಗೆ ಅಂಟಿಕೊಳ್ಳುವ ಅನೆಕ್ಸಿನ್ ಎಂಬ ಪ್ರೋಟೀನಿಗೆ ಹೊಳೆಯುವ ಬಣ್ಣವನ್ನು ಜೋಡಿಸಿ, ಅದನ್ನು ರಕ್ತನಾಳಕ್ಕೆ ಚುಚ್ಚಿ, ಅಕ್ಷಿಪಟಲದಲ್ಲಿ ಬೆಳ್ಳಗೆ ಹೊಳೆಯುವ ಚುಕ್ಕೆಗಳನ್ನು ಎಣಿಸಿದರು. ಮನುಷ್ಯರಲ್ಲಿ ಅದರ ಮೊದಲ ಪ್ರಯೋಗ 2017ರಲ್ಲಿ ಪ್ರಕಟವಾಯಿತು. 2020ರ ವರದಿಯಲ್ಲಿ, ಚುಕ್ಕೆಗಳು ಹೆಚ್ಚಿದ್ದ ಕಣ್ಣುಗಳೇ ಮುಂದಿನ 18 ತಿಂಗಳಲ್ಲಿ ಹೆಚ್ಚು ತೆಳುವಾದವೆಂದು ತೋರಿಸಿದರು. ಭಾಗವಹಿಸಿದವರ ಸಂಖ್ಯೆ ಚಿಕ್ಕದು, ನಮ್ಮ ಆಸ್ಪತ್ರೆಗಳಿಗೆ ಇದು ಬರಲು ಕಾಲ ಬೇಕು. ಆದರೂ ಒಂದೇ ಭೇಟಿಯಲ್ಲಿ ವೇಗವನ್ನು ಹೇಳಬಲ್ಲ ಸಾಧ್ಯತೆ ಇರುವುದು ಇಂತಹ ದಾರಿಯಲ್ಲೇ ಎಂದು ನನಗನ್ನಿಸುತ್ತದೆ.

ಮುನ್ಸೂಚನೆ ತಿಳಿದು ಮಾಡುವುದೇನು ಎಂದು ಹಿರಿಯರೊಬ್ಬರು ಸಭೆಯಲ್ಲೇ ಕೇಳಿದರು. ಮಾಡುವುದು ಬಹಳವಿದೆ. ಸ್ವೀಡನ್ನಿನಲ್ಲಿ 255 ರೋಗಿಗಳನ್ನು ಹಿಂಬಾಲಿಸಿದ ಅಧ್ಯಯನದಲ್ಲಿ, ಒತ್ತಡ (ಅದನ್ನು ಪಾದರಸದ ಮಿಲಿಮೀಟರಿನಲ್ಲಿ ಅಳೆಯುತ್ತಾರೆ) ಒಂದೊಂದು ಮಿಲಿಮೀಟರ್ ಇಳಿದಂತೆ ರೋಗ ಮುಂದುವರಿಯುವ ಅಪಾಯ ಸುಮಾರು ಶೇ. 10ರಷ್ಟು ಕಡಿಮೆಯಾಯಿತು. ಬ್ರಿಟನ್ನಿನ 516 ರೋಗಿಗಳ ಅಧ್ಯಯನದಲ್ಲಿ ಎರಡು ವರ್ಷಗಳೊಳಗೆ ದೃಷ್ಟಿ ಕುಂದಿದ್ದು ಔಷಧಿಯಿಲ್ಲದ ಡ್ರಾಪ್ಸ್ ಪಡೆದವರಲ್ಲಿ ಶೇ. 25.6, ಲ್ಯಾಟನೊಪ್ರೋಸ್ಟ್ ಡ್ರಾಪ್ಸ್ ಪಡೆದವರಲ್ಲಿ ಶೇ. 15.2. ಔಷಧಿ ಕೆಲಸ ಮಾಡುತ್ತದೆ. ಯಾರಿಗೆ ಒಂದು ಡ್ರಾಪ್ ಸಾಕು, ಯಾರಿಗೆ ತಡಮಾಡದೆ ಶಸ್ತ್ರಚಿಕಿತ್ಸೆ ಬೇಕು ಎಂಬುದನ್ನು ಮಾತ್ರ ಇಳಿಕೆಯ ವೇಗ ಹೇಳಬೇಕು.

ಮೇಷ್ಟ್ರ ಪ್ರಶ್ನೆಗೆ ಮರಳುತ್ತೇನೆ. "ಮೇಷ್ಟ್ರೇ, ಉತ್ತರಕ್ಕೆ ನನಗೆ ಎರಡೂವರೆ ವರ್ಷ ಸಮಯ ಕೊಡಿ, ಆದರೆ ಪ್ರತಿ ಆರು ತಿಂಗಳಿಗೂ ಇದೇ ಯಂತ್ರದ ಮುಂದೆ ಬಂದು ಕೂರಬೇಕು" ಎಂದು ನಾನು ಅಂದು ಹೇಳಿದೆ. ಅವರು ಒಂದು ಬಾರಿಯೂ ತಪ್ಪಿಸಲಿಲ್ಲ. ಬಲಗಣ್ಣಿನ ಗೆರೆ ಹೆಚ್ಚುಕಡಿಮೆ ನೇರವಾಗಿತ್ತು. ಎಡಗಣ್ಣಿನ ಪದರ 74 ಮೈಕ್ರಾನಿನಿಂದ 69ಕ್ಕೆ ಇಳಿದಿತ್ತು, ಫೀಲ್ಡ್ ಟೆಸ್ಟಿನ ಕೊರತೆ 7 ಡೆಸಿಬೆಲ್‌ನಿಂದ ಒಂಬತ್ತೂವರೆಗೆ ಏರಿತ್ತು. ವರ್ಷಕ್ಕೆ ಒಂದು ಡೆಸಿಬೆಲ್; ಕೊರತೆ ಸುಮಾರು 22 ತಲುಪಿದರೆ ಆ ಕಣ್ಣು ಬಳಕೆಗೆ ಬಾರದು. ಕಾಗದದ ಮೇಲೆ ಗೆರೆಯನ್ನು ಮುಂದಕ್ಕೆಳೆದು ಅವರಿಗೆ ತೋರಿಸಿದೆ. ಹೀಗೆಯೇ ಬಿಟ್ಟರೆ ಎಡಗಣ್ಣು 76ರ ಹೊತ್ತಿಗೆ, ಬಲಗಣ್ಣು ಈಗಿರುವಂತೆಯೇ ನಡೆದರೆ ಓದು ಬದುಕಿರುವವರೆಗೆ. ಗಣಿತ ಕಲಿಸಿದ ಮೇಷ್ಟ್ರಿಗೆ ಗೆರೆಯ ಇಳಿಜಾರನ್ನು ವಿವರಿಸಬೇಕಾಗಲಿಲ್ಲ. "ಇಳಿಜಾರು ಬದಲಾಯಿಸೋಕೆ ಏನು ಮಾಡಬೇಕು?" ಎಂದಷ್ಟೇ ಕೇಳಿದರು. ಎಡಗಣ್ಣಿಗೆ ಶಸ್ತ್ರಚಿಕಿತ್ಸೆಯಾಯಿತು, ಒತ್ತಡ 18ರಿಂದ 11ಕ್ಕೆ ಬಂತು. ನಂತರದ ಎರಡು ವರ್ಷಗಳಲ್ಲಿ ಆ ಕಣ್ಣಿನ ಪದರ ಇಳಿದದ್ದು ಒಂದೇ ಮೈಕ್ರಾನ್, ವಯಸ್ಸಿನಿಂದ ಎಲ್ಲರಲ್ಲೂ ಇಳಿಯುವಷ್ಟೇ.

ಮುಂದಿನ ಭೇಟಿಗೆ ಅವರು 54 ವರ್ಷದ ತಮ್ಮನನ್ನೂ ಕರೆತಂದಿದ್ದರು. ಅವರ ಕಣ್ಣಿನ ಒತ್ತಡ ಸಹಜವಾಗಿತ್ತು, ಫೀಲ್ಡ್ ಟೆಸ್ಟ್ ಸಹಜವಾಗಿತ್ತು, ಪದರ 92 ಮೈಕ್ರಾನ್ ಇತ್ತು. "ಹಾಗಾದರೆ ನನಗೇನೂ ಇಲ್ಲ ಅಲ್ವಾ ಮೇಡಂ?" ಎಂದು ಅವರು ಎದ್ದು ನಿಂತರು. ಉತ್ತರ ಕೊಟ್ಟದ್ದು ಅಣ್ಣ: "ಇದು ಮೊದಲನೇ ಚುಕ್ಕೆ ಕಣೋ. ಗೆರೆ ಎಳೆಯೋಕೆ ಇನ್ನೂ ಬೇಕು." ಮುಂದಿನ ವರ್ಷದ ಅದೇ ತಿಂಗಳಿಗೆ ಅವರ ದಿನಾಂಕವನ್ನು ಬರೆದು ಕೊಟ್ಟೆ.